ಮಗನ ಭಯ ಸುಳ್ಳಲ್ಲ


ವಾಟ್ಸ್‌ಆ್ಯಪ್‌ನಲ್ಲಿ ಚಿರತೆಯ ವಿಡಿಯೊ ನೋಡಿದಾಗಿನಿಂದ ಮಗ ಸಂಜೆ ಟ್ಯೂಷನ್‌ಗೆ ಹೋಗಲು ಹೆದರುತ್ತಿದ್ದಾನೆ ಎಂದು ಬರೆದಿದ್ದೀರಿ. ದಯವಿಟ್ಟು ಬೈದು ಅವನ ಬಾಯಿ ಮುಚ್ಚಿಸಬೇಡಿ. ನಿಮ್ಮ ಜೀವನ್ ಬಿಮಾ ನಗರದಿಂದ ತೀರಾ ದೂರವಿಲ್ಲದ ಕುಂದಲಹಳ್ಳಿಯ ಶಾಲೆಯೊಂದಕ್ಕೆ 2016ರ ಫೆಬ್ರುವರಿ 7ರಂದು ಚಿರತೆ ನಿಜವಾಗಿಯೂ ಬಂದಿತ್ತು. ಭಾನುವಾರವಾದ್ದರಿಂದ ಮಕ್ಕಳಿರಲಿಲ್ಲ, ಸದ್ಯ. ಹಿಡಿಯಲು ಹೋದವರಲ್ಲಿ ಕೆಲವರಿಗೆ ಗಾಯವಾಯಿತು. ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರೂ ಅವರಲ್ಲೊಬ್ಬರು. ಆ ದೃಶ್ಯ ನೆನೆದಾಗಲೆಲ್ಲ ನನ್ನನ್ನು ಕಾಡುವುದು ಹೊರಗೆ ಕಿಕ್ಕಿರಿದಿದ್ದ ಜನ. ದಾರಿ ಕಾಣದ ಚಿರತೆ ಮೈಮೇಲೆ ಎರಗುತ್ತದೆ. ಗದ್ದಲವಿಲ್ಲದೆ ದಾರಿ ಬಿಟ್ಟರೆ ಕತ್ತಲಲ್ಲಿ ತಾನಾಗಿಯೇ ಜಾರಿಕೊಳ್ಳುವುದೇ ಹೆಚ್ಚು.

ನಿಮ್ಮ ಬಡಾವಣೆ ಬನ್ನೇರುಘಟ್ಟದ ಕಾಡಂಚಲ್ಲ, ಇದನ್ನು ಅವನಿಗೆ ಮೊದಲು ಹೇಳಿ. ಆಮೇಲೆ ಇದನ್ನು: ಎಲ್ಲಾದರೂ ಕಂಡರೆ ಓಡಬಾರದು, ಬಗ್ಗಿ ಕೂರಬಾರದು. ಬೆನ್ನು ತೋರಿಸದೆ ಮೆಲ್ಲಗೆ ಹಿಂದೆ ಸರಿದು, ಒಳಗೆ ಸೇರಿ ಬಾಗಿಲು ಹಾಕಬೇಕು. ನೀವು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಮೊಬೈಲ್ ಹಿಡಿದು ವಿಡಿಯೊ ಮಾಡಲು ಯಾರನ್ನೂ ಹತ್ತಿರ ಬಿಡಬೇಡಿ.

ಈ ವಾರ ಟ್ಯೂಷನ್‌ಗೆ ನೀವೇ ಅವನ ಜೊತೆ ನಡೆದು ಹೋಗಿ.