ಪಕ್ಕದ ಹಾಸಿಗೆಯವರು ಹೇಳಿದರೆ

ನಾನು ಡಯಾಲಿಸಿಸ್ ವಿಭಾಗದಲ್ಲಿ ನರ್ಸ್. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು, ಹೊಳೆಬಾಗಿಲಿನಾಚೆಯ ತುಮರಿಯವರು ವಾರಕ್ಕೆ ಎರಡು-ಮೂರು ಸಲ ಬಂದು ನಾಲ್ಕು ನಾಲ್ಕು ತಾಸು ಮಲಗಿ ಹೋಗುತ್ತಾರೆ. ಹಳಬರನ್ನು ತಯಾರು ಮಾಡಿ ಹೊಸಬರಿಗೆ ಜೊತೆ ಕೊಡೋಣ ಎಂದು ಹೊರಟವಳು ಎಡವಿದ್ದೇ ಹೆಚ್ಚು.

1. ಮಾತುಗಾರರನ್ನು ಹುಡುಕಿದ್ದೇ ಮೊದಲ ತಪ್ಪು.
ನಿವೃತ್ತ ಮೇಷ್ಟ್ರೊಬ್ಬರನ್ನು ಆರಿಸಿದೆ. ಹೈದರಾಬಾದಿನ ಕಮಲ್ ಶಾ ಅವರ ಕಥೆಯನ್ನೂ ಹೇಳಿಕೊಟ್ಟೆ: 1997ರಲ್ಲಿ ಕಿಡ್ನಿ ಕೈಕೊಟ್ಟರೂ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ನೆಫ್ರೋಪ್ಲಸ್ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು. ಮೇಷ್ಟ್ರು ಚೆನ್ನಾಗಿಯೇ ಹೇಳಿದರು. ಆದರೆ ಹೊಸದಾಗಿ ಬಂದಿದ್ದ ಅಮ್ಮನ ಅಳು ನಿಲ್ಲಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಒಬ್ಬ ಕೊನೆಗಾರರಿದ್ದರು. ಅಡಿಕೆ ಮರ ಹತ್ತುವುದು ಬಿಟ್ಟು ನಾಲ್ಕು ವರ್ಷ. ಅಂದಿನ ಸರದಿಗೆ ಇನ್ನೂ ಸೂಜಿ ಚುಚ್ಚಿರಲಿಲ್ಲ. ತೋಳು ಮೇಲೇರಿಸಿ, ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿ ಮಾಡಿದ, ಉಬ್ಬಿದ ಫಿಸ್ಟುಲಾದ ಮೇಲೆ ಆಕೆಯ ಬೆರಳಿಟ್ಟುಕೊಂಡರು. "ಮುಟ್ಟಿ ನೋಡಿ ಅಮ್ಮಾ, ಗುಂಯ್ ಅಂತೈತೆ. ಇದು ಹಿಂಗೆ ಅಂತಿರೋ ತನಕ ಹೆದರಬ್ಯಾಡಿ." ಆಕೆ ಬೆರಳು ತೆಗೆಯಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಊಟ ಸೇರ್ತದಾ ನಿಮಗೆ?" ಎಂದು ಕೇಳಿದರು. ಅಷ್ಟು ದಿನದಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ ಅದು. ಆ ಕೊನೆಗಾರರು ನನ್ನ ಪಟ್ಟಿಯಲ್ಲೇ ಇರಲಿಲ್ಲ.

2. ಪಥ್ಯ ನಮ್ಮ ಅಡುಗೆಮನೆಯದಾಗಿರಬೇಕು.
ಬೇರೆಲ್ಲಿಂದಲೋ ಬಂದ ಪಥ್ಯದ ಪಟ್ಟಿಯನ್ನು ಜೆರಾಕ್ಸ್ ಮಾಡಿ ಹಂಚಿದ್ದೆ. ಅದರಲ್ಲಿ ಹಲಸಿನ ಹಣ್ಣಿನ ಸುದ್ದಿಯೇ ಇರಲಿಲ್ಲ. ಬಾಳೆಹಣ್ಣು, ಎಳನೀರಿನ ಹಾಗೆ ಅದರಲ್ಲೂ ಪೊಟ್ಯಾಸಿಯಂ ಹೆಚ್ಚು; ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಕಮರಾಕ್ಷಿ ಹಣ್ಣಂತೂ ಕಿಡ್ನಿ ಸೋತವರಿಗೆ ವಿಷವೇ. ನೀರಿಗೂ ಮಿತಿ ಇದೆ. "ನೀರು ಒಂದೇ ಲೋಟ ಕುಡಿದೆ" ಎನ್ನುತ್ತಿದ್ದ ಒಬ್ಬರ ತೂಕ ಎರಡು ಸರದಿಯ ನಡುವೆ ನಾಲ್ಕು ಕಿಲೋ ಏರಿತ್ತು. ನಾನು ಗದರಿದೆ. ಅವರು ಸುಳ್ಳು ಹೇಳಿರಲಿಲ್ಲ; ತಂಬುಳಿ, ಗಂಜಿತಿಳಿ, ಚಹಾ ಅವರ ಲೆಕ್ಕದಲ್ಲಿ ನೀರಲ್ಲ. ಅದನ್ನು ಪತ್ತೆ ಹಚ್ಚಿದ್ದು ಪಕ್ಕದ ಹಾಸಿಗೆಯ ಅಕ್ಕ. ಅಪ್ಪೆಮಿಡಿ ಉಪ್ಪಿನಕಾಯಿ ಬಿಟ್ಟ ಮೇಲೆ ತನಗೆ ಬಾಯಾರಿಕೆ ತಗ್ಗಿದ್ದನ್ನೂ, ಪೊಟ್ಯಾಸಿಯಂ ತಗ್ಗಲು ತರಕಾರಿ ಸಣ್ಣಗೆ ಹೆಚ್ಚಿ ಹೆಚ್ಚು ನೀರಲ್ಲಿ ಬೇಯಿಸಿ ಬಸಿಯುವುದನ್ನೂ ಅವರೇ ಹೇಳಿಕೊಟ್ಟರು. ಈಗ ಪಟ್ಟಿ ಬರೆಯುವವರು ಅವರೇ. ಡಯಟೀಷಿಯನ್ ನೋಡಿ ತಿದ್ದುತ್ತಾರೆ.

3. ಎಲ್ಲಿ ಮಾತು ನಿಲ್ಲಿಸಬೇಕೆಂದು ನಾನು ಕಲಿಸಿರಲಿಲ್ಲ.
ಡಯಾಲಿಸಿಸ್ ದಿನ ಬೆಳಿಗ್ಗೆ ಬಿಪಿ ಮಾತ್ರೆ ಬೇಡ ಎಂದು ಒಬ್ಬರಿಗೆ ಡಾಕ್ಟರು ಹೇಳಿದ್ದರು. ಆ ರೋಗಿ ಅದನ್ನೇ ತಮ್ಮ ಜೊತೆಯ ಹೊಸಬರಿಗೂ ಹೇಳಿದರು. ಆ ಹೊಸಬರು ಮಾತ್ರೆ ಬಿಟ್ಟು, ಬಿಪಿ ಏರಿ, ತಲೆ ಹಿಡಿದುಕೊಂಡು ಬಂದರು. ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ತಪ್ಪು ನನ್ನದು. ಅಂದಿನಿಂದ ಮೊದಲ ದಿನವೇ ಹೇಳುತ್ತೇನೆ: "ನನಗೆ ಹೀಗಾಯ್ತು" ಎನ್ನಿ, "ನೀವೂ ಹೀಗೆ ಮಾಡಿ" ಎನ್ನಬೇಡಿ. ಉಸಿರು ಕಟ್ಟಿದರೆ, ಚಳಿಜ್ವರ ಬಂದರೆ, ರಕ್ತ ನಿಲ್ಲದಿದ್ದರೆ, ಫಿಸ್ಟುಲಾದ ಗುಂಯ್ ನಿಂತರೆ ಜೊತೆಗಾರರಿಗೆ ಫೋನ್ ಮಾಡುತ್ತ ಕೂರುವಂತಿಲ್ಲ, ನೇರ ಆಸ್ಪತ್ರೆಗೆ.

4. ಭಾನುವಾರ ಯಾರೂ ಬರುವುದಿಲ್ಲ.
ತರಬೇತಿಗೆ ಭಾನುವಾರ ಕರೆದು ಖಾಲಿ ಕುರ್ಚಿ ನೋಡುತ್ತ ಕೂತೆ. 2025ರ ಜುಲೈನಲ್ಲಿ ಹೊಳೆಬಾಗಿಲಿನ ಸೇತುವೆ ತೆರೆಯುವವರೆಗೆ ತುಮರಿಯವರ ದಿನ ಹಿನ್ನೀರು ದಾಟಿಸುವ ಲಾಂಚಿನ ಕೈಯಲ್ಲಿತ್ತು. ವಾರದಲ್ಲಿ ಇನ್ನೊಂದು ದಿನ ಬನ್ನಿ ಎನ್ನಲು ನನಗೆ ಮನಸ್ಸಾದರೂ ಹೇಗೆ ಬಂತೋ. ಈಗ ಡಯಾಲಿಸಿಸ್ ನಡೆಯುವಾಗ, ಮೊದಲ ತಾಸಿನಲ್ಲೇ ಮಾತು. ಕೊನೆಯ ತಾಸಿನಲ್ಲಿ ಸುಸ್ತು, ಕಾಲು ಸೆಳೆತ; ಆಗ ಸುಮ್ಮನಿರುವುದೇ ಸರಿ.

5. ಜೊತೆಗಾರರೂ ರೋಗಿಗಳೇ.
ಇದನ್ನು ಬರೆಯುವುದು ಕಷ್ಟ. ಆ ಕೊನೆಗಾರರು ಒಂದು ಮಳೆಗಾಲದಲ್ಲಿ ತೀರಿಕೊಂಡರು. ಅವರು ಸೊರಗುತ್ತಿದ್ದಾಗಲೂ ನಾನು ಹೊಸಬರನ್ನು ಅವರ ಪಕ್ಕಕ್ಕೇ ಹಾಕುತ್ತಿದ್ದೆ. ಸಾಕಾಯ್ತಾ ಎಂದು ಕೇಳಲಿಲ್ಲ. ಯಂತ್ರಕ್ಕೆ ಬಿಡುವಿಲ್ಲ, ಮರುಸರದಿಗೆ ಆ ಹಾಸಿಗೆಯಲ್ಲಿ ಬೇರೆಯವರು. ಅಂದು ಅವರ ಫಿಸ್ಟುಲಾ ಮುಟ್ಟಿ ನೋಡಿದ್ದ ಅಮ್ಮ ಬಾಗಿಲಲ್ಲಿ ನಿಂತು ಅದನ್ನು ನೋಡಿಯೇ ವಿಷಯ ತಿಳಿದರು. ಆಮೇಲೆ ಎರಡು ಸರದಿ ಬರಲಿಲ್ಲ. ಮನೆಗೆ ಹೋಗಿ ಕರೆತಂದೆವು. ಈಗ ಒಬ್ಬರಿಗೆ ಇಬ್ಬರು ಜೊತೆಗಾರರು. ಬೇಡವೆನಿಸಿದ ತಿಂಗಳು ಅವರಿಗೆ ರಜೆ. ಯಾರಾದರೂ ಹೋದರೆ, ಉಳಿದವರು ಮನೆಯಿಂದ ಹೊರಡುವ ಮೊದಲೇ ನಾನು ಫೋನ್ ಮಾಡಿ ಹೇಳುತ್ತೇನೆ.