ಮನೆಯಲ್ಲೊಂದು ಮರಗೆಲಸದ ಕಾರ್ಯಾಗಾರ

ಬೆಂಗಳೂರಿನ ಹೊರವಲಯದ ಪೀಣ್ಯವು ಯಂತ್ರಗಳಿಗೂ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳು ಗಣಕಗಳಿಗೂ ಹೆಸರಾಗಿವೆ. ಮರವೆಂಬ ಪುರಾತನ ವಸ್ತುವಿನ ಶಾಸ್ತ್ರೀಯ ಅಧ್ಯಯನವೂ ಇದೇ ನಗರದಲ್ಲಿ ಬಹುಕಾಲದಿಂದ ನಡೆದುಬಂದಿದೆಯೆಂಬುದು ಅನೇಕರಿಗೆ ತಿಳಿಯದು. ಮೈಸೂರು ಸಂಸ್ಥಾನದ ಕಾಲದಲ್ಲಿ, ೧೯೩೮ರಲ್ಲಿ, ಸ್ಥಾಪಿತವಾದ ಅರಣ್ಯ ಸಂಶೋಧನಾಲಯವೇ ೧೯೮೮ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿ ಬೆಳೆಯಿತು. ಮಲ್ಲೇಶ್ವರದಲ್ಲಿರುವ ಈ ಸಂಸ್ಥೆಯಲ್ಲಿ ಸಂಶೋಧನೆಯೊಡನೆ ಮರಗೆಲಸದ ತರಬೇತಿಯೂ ಉಂಟು. ಪ್ಲೈವುಡ್ ಉದ್ಯಮಕ್ಕಾಗಿ ೧೯೬೨ರಲ್ಲಿ ಹುಟ್ಟಿದ ಸಂಶೋಧನಾ ಸಂಸ್ಥೆಯು ತುಮಕೂರು ರಸ್ತೆಯಲ್ಲಿ, ಪೀಣ್ಯದ ಬಳಿಯಲ್ಲೇ ಇದೆ.

ಇಂತಹ ಪರಿಸರದಲ್ಲಿ ಬೆಳೆಯುವ ವಿದ್ಯಾರ್ಥಿಗೆ ತನ್ನ ಮನೆಯ ಹಿತ್ತಲಿನಲ್ಲಿ ಒಂದು ಪುಟ್ಟ ಮರಗೆಲಸದ ಕೋಣೆಯನ್ನು ಕಟ್ಟಬೇಕೆಂಬ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಜಾಗ ಸಾಕು. ಆದರೆ ನಾಲ್ಕು ಗೋಡೆ ಕಟ್ಟಿ ಉಪಕರಣಗಳನ್ನು ತುಂಬಿದ ಮಾತ್ರಕ್ಕೆ ಅದು ಕಾರ್ಯಾಗಾರವಾಗದು. ನೀರು, ಬೆಳಕು, ವಿದ್ಯುತ್ತು, ಧೂಳು ಈ ನಾಲ್ಕರ ಸ್ವಭಾವವನ್ನು ಅರಿತು ಕಟ್ಟಬೇಕು. ಅರಿಯದೆ ಕಟ್ಟಿದರೆ ಹಲಗೆ ಬಾಗುವುದಷ್ಟೇ ಅಲ್ಲ, ಬೆರಳು ಹೋದೀತು, ಶ್ವಾಸಕೋಶ ಕೆಟ್ಟೀತು.

ಮೊದಲು ನೆಲವನ್ನು ವಿಚಾರಿಸೋಣ. ಮಣ್ಣಿನ ಮತ್ತು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ನೀರು ತಾನಾಗಿ ಮೇಲೇರುತ್ತದೆ. ಇದಕ್ಕೆ ಕೇಶಾಕರ್ಷಣವೆಂದು ಹೆಸರು. ರಂಧ್ರ ಕಿರಿದಾದಷ್ಟೂ ಏರಿಕೆ ಹೆಚ್ಚು. ೦.೧ ಮಿಲಿಮೀಟರ್ ತ್ರಿಜ್ಯದ ನಳಿಕೆಯಲ್ಲಿ ನೀರು ಸುಮಾರು ೧೫ ಸೆಂಟಿಮೀಟರ್ ಏರಿದರೆ, ೦.೦೧ ಮಿಲಿಮೀಟರ್ ತ್ರಿಜ್ಯದ್ದರಲ್ಲಿ ಒಂದೂವರೆ ಮೀಟರ್ ಏರಬಲ್ಲದು. ಆದುದರಿಂದ ಸೈಜುಗಲ್ಲಿನ ತಳಪಾಯದ ನಡುವೆ ಮೊದಲು ದಪ್ಪ ಜಲ್ಲಿಯನ್ನು ಹಾಸಬೇಕು. ಜಲ್ಲಿಯ ಸಂದುಗಳು ಅಗಲವಾಗಿರುವುದರಿಂದ ನೀರು ಅಲ್ಲಿ ಹೆಚ್ಚು ಏರಲಾರದು. ಅದರ ಮೇಲೆ ಮರಳನ್ನು ತೆಳ್ಳಗೆ ಹರಡಿ, ಪಾಲಿಥೀನ್ ಹಾಳೆ ಹೊದಿಸಿ, ಅನಂತರ ಕಾಂಕ್ರೀಟ್ ಹಾಕುವುದು ಕ್ರಮ. ಹಲಗೆಗಳನ್ನು ನೆಲಕ್ಕೆ ಒರಗಿಸದೆ ಅಡ್ಡಪಟ್ಟಿಗಳ ಮೇಲೆ ಪೇರಿಸಿದರೆ ತೇವದ ಭಯವೂ ಗೆದ್ದಲಿನ ಭಯವೂ ಕಡಿಮೆಯಾಗುತ್ತವೆ.

ಇಷ್ಟೊಂದು ಎಚ್ಚರಿಕೆ ಏತಕ್ಕೆ? ಮರವು ಒಣಗಿದ ಮೇಲೂ ಗಾಳಿಯಿಂದ ತೇವವನ್ನು ಹೀರುತ್ತದೆ, ಬಿಡುತ್ತದೆ. ಅದರ ತೇವಾಂಶವು ಶೇಕಡಾ ಸುಮಾರು ೩೦ಕ್ಕಿಂತ ಕೆಳಗಿಳಿದಾಗ ಕುಗ್ಗುವಿಕೆ ಮೊದಲಾಗುತ್ತದೆ. ಈ ಕುಗ್ಗುವಿಕೆ ಎಲ್ಲ ದಿಕ್ಕಿನಲ್ಲಿಯೂ ಒಂದೇ ಸಮನಲ್ಲ: ಉದ್ದಕ್ಕೆ ಅತ್ಯಲ್ಪ, ತಿರುಳಿನಿಂದ ತೊಗಟೆಯ ಕಡೆಗೆ ಮಧ್ಯಮ, ವಾರ್ಷಿಕ ಉಂಗುರಗಳ ಗುಂಟ ಅದರ ಇಮ್ಮಡಿಯಷ್ಟು. ಹಲಗೆ ಬಾಗುವುದಕ್ಕೆ ಈ ಅಸಮತೆಯೇ ಮುಖ್ಯ ಕಾರಣ. ತೇಗವು ಉಂಗುರಗಳ ಗುಂಟ, ಹಸಿಯಿಂದ ಪೂರ್ಣ ಒಣಗುವವರೆಗೆ, ಶೇಕಡಾ ೬ರಷ್ಟು ಕುಗ್ಗುತ್ತದೆಂದು ಇಟ್ಟುಕೊಳ್ಳೋಣ. ಆಗ ತೇವಾಂಶದ ಒಂದೊಂದು ಅಂಶಕ್ಕೆ ಕುಗ್ಗುವಿಕೆ ಶೇಕಡಾ ೦.೨. ಹಾಗೆ ಕೊಯ್ದ ೩೦೦ ಮಿಲಿಮೀಟರ್ ಅಗಲದ ಹಲಗೆಯ ತೇವಾಂಶವು ಮಳೆಗಾಲಕ್ಕೂ ಬೇಸಿಗೆಗೂ ನಾಲ್ಕು ಅಂಶ ಬದಲಾದರೆ, ಅದರ ಅಗಲ ೨.೪ ಮಿಲಿಮೀಟರ್ ವ್ಯತ್ಯಾಸವಾಗುತ್ತದೆ. ಮಾರ್ಚಿಯಲ್ಲಿ ಸಲೀಸಾಗಿ ಎಳೆಯುತ್ತಿದ್ದ ಪೆಟ್ಟಿಗೆಯ ಖಾನೆಯು ಆಗಸ್ಟಿನಲ್ಲಿ ಸಿಕ್ಕಿಕೊಳ್ಳುವ ಗುಟ್ಟು ಇದೇ.

ಇನ್ನು ಬೆಳಕು. ಬೆಂಗಳೂರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಾತ್ರ ಮಧ್ಯಾಹ್ನದ ಸೂರ್ಯನು ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ, ಅದೂ ಹೆಚ್ಚೆಂದರೆ ಹತ್ತೂವರೆ ಡಿಗ್ರಿಯಷ್ಟು. ಆದುದರಿಂದ ಉತ್ತರದ ಗೋಡೆಯ ಕಿಟಕಿಗೆ ಒಂದಡಿ ಚಾಚಿದ ಸೂರು ಇದ್ದರೆ, ನಡುಹಗಲಿನಲ್ಲಿ ಕಣ್ಣು ಕುಕ್ಕುವ ಬಿಸಿಲು ಬೀಳದೆ ಸಮನಾದ ಬೆಳಕು ದೊರೆಯುತ್ತದೆ. ಕೆಲಸದ ಮೇಜನ್ನು ಈ ಕಿಟಕಿಯ ಕೆಳಗೆ ಇಡುವುದು ಲೇಸು. ಮೇಜು ಭಾರವಾಗಿರಲಿ, ಅಲುಗಾಡದಿರಲಿ. ಅದು ಅಲುಗಿದರೆ ಉಜ್ಜುಗೊರಡನ್ನು ತಳ್ಳುವ ಶ್ರಮದ ಒಂದು ಪಾಲು ಮೇಜನ್ನು ಅಲುಗಿಸುವುದಕ್ಕೇ ವ್ಯರ್ಥವಾಗುತ್ತದೆ.

ರಾತ್ರಿಯ ದೀಪದಲ್ಲಿ ಒಂದು ಅಪಾಯ ಅಡಗಿದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದು. ಅಗ್ಗದ ಕೆಲವು ದೀಪಗಳು ಇದರಿಂದ ಸೆಕೆಂಡಿಗೆ ೧೦೦ ಸಲ ಮಿನುಗುತ್ತವೆ. ೬೦ ಹಲ್ಲುಗಳ ಚಕ್ರಗರಗಸವೊಂದು ಸೆಕೆಂಡಿಗೆ ೫೦ ಸುತ್ತು ತಿರುಗುತ್ತಿದ್ದರೆ, ಒಂದು ಮಿನುಗಿನಿಂದ ಮುಂದಿನದಕ್ಕೆ ಸರಿಯಾಗಿ ೩೦ ಹಲ್ಲುಗಳು ದಾಟುತ್ತವೆ. ಒಂದು ಹಲ್ಲಿನ ಜಾಗದಲ್ಲಿ ಮತ್ತೊಂದು ಹಲ್ಲು ಕಾಣುವುದರಿಂದ ಗರಗಸವು ನಿಂತಿರುವಂತೆ ಭ್ರಮೆಯಾಗುತ್ತದೆ! ಮಿನುಗದ ಉತ್ತಮ ದೀಪವನ್ನೇ ಆರಿಸಬೇಕು.

ಗರಗಸದ ವೇಗವನ್ನೂ ಲೆಕ್ಕ ಹಾಕಿ ನೋಡಿರಿ. ೨೫೦ ಮಿಲಿಮೀಟರ್ ವ್ಯಾಸದ ಚಕ್ರವು ನಿಮಿಷಕ್ಕೆ ೪೦೦೦ ಸುತ್ತು ತಿರುಗಿದರೆ, ಅದರ ಅಂಚು ಸೆಕೆಂಡಿಗೆ ೫೨ ಮೀಟರ್ ಚಲಿಸುತ್ತದೆ. ಗಾಬರಿಯಾಗಿ ಕೈ ಹಿಂತೆಗೆಯಲು ಮನುಷ್ಯನಿಗೆ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಚಕ್ರವು ೧೩ ಸುತ್ತು ಮುಗಿಸಿರುತ್ತದೆ, ಹತ್ತು ಮೀಟರಿನಷ್ಟು ಅಂಚು ಹಾದುಹೋಗಿರುತ್ತದೆ. ಚುರುಕುತನವನ್ನು ನಂಬಿ ಪ್ರಯೋಜನವಿಲ್ಲ. ರಕ್ಷಾಕವಚವನ್ನು ತೆಗೆಯದಿರುವುದು, ಸಣ್ಣ ತುಂಡುಗಳನ್ನು ಕೈಯಿಂದಲ್ಲದೆ ಕೋಲಿನಿಂದ ತಳ್ಳುವುದು, ಇವೇ ದಾರಿ. ಯಂತ್ರದ ಲೋಹದ ಮೈಗೆ ಭೂಸಂಪರ್ಕ ಇರಲೇಬೇಕು. ಹೋದ ವಿದ್ಯುತ್ತಿಗೂ ಮರಳಿ ಬಂದ ವಿದ್ಯುತ್ತಿಗೂ ೩೦ ಮಿಲಿಆಂಪಿಯರ್ ವ್ಯತ್ಯಾಸ ಕಂಡೊಡನೆ ಸಂಪರ್ಕ ಕಡಿಯುವ ಸಾಧನವನ್ನೂ ಅಳವಡಿಸಬೇಕು. ಈ ತಂತಿಕೆಲಸವನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸತಕ್ಕದ್ದು.

ಕಡೆಯದು ಧೂಳು. ಕಣ್ಣಿಗೆ ಕಾಣುವ ಒರಟು ಪುಡಿಗಿಂತ ಕಾಣದ ನುಣ್ಣನೆಯ ಧೂಳೇ ಹೆಚ್ಚು ಅಪಾಯಕರ. ನೀರಿನಷ್ಟು ಸಾಂದ್ರತೆಯ, ೫ ಮೈಕ್ರಾನ್ ವ್ಯಾಸದ ಕಣವು ನಿಶ್ಚಲ ಗಾಳಿಯಲ್ಲಿ ಒಂದೂವರೆ ಮೀಟರ್ ಕೆಳಗಿಳಿಯಲು ಸುಮಾರು ಅರ್ಧ ಗಂಟೆ ಬೇಕು. ಎಂದರೆ ಯಂತ್ರ ನಿಂತ ಮೇಲೂ ನಾವು ಅದನ್ನು ಉಸಿರಾಡುತ್ತಲೇ ಇರುತ್ತೇವೆ. ಮರದ ಧೂಳು ಮನುಷ್ಯನಿಗೆ ಕ್ಯಾನ್ಸರ್ ತರಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೧೯೯೫ರಲ್ಲಿ ಪ್ರಕಟಿಸಿತು. ಧೂಳನ್ನು ಹುಟ್ಟುವಲ್ಲಿಯೇ ಹೀರುವ ಯಂತ್ರ, ಎದುರುಬದುರಾದ ಕಿಟಕಿಗಳು, ಮುಖಕ್ಕೆ ಒಳ್ಳೆಯ ಮುಸುಕು, ಈ ಮೂರೂ ಬೇಕು. ಕಸಬರಿಕೆಯಿಂದ ಒಣಧೂಳನ್ನು ಗುಡಿಸಿದರೆ ಅದು ಮತ್ತೆ ಗಾಳಿಗೇ ಏರುತ್ತದೆ.

ಉಪಕರಣಗಳ ವಿಷಯದಲ್ಲಿ ಆತುರ ಸಲ್ಲದು. ಕೈಗರಗಸ, ಉಜ್ಜುಗೊರಡು, ಎರಡು ಮೂರು ಉಳಿಗಳು, ಕೊಡತಿ, ಮೂಲೆಮಟ್ಟ, ಸಾಣೆಕಲ್ಲು ಇಷ್ಟಿದ್ದರೆ ಆರಂಭಕ್ಕೆ ಸಾಕು. ಮರದ ಎಳೆ ಯಾವ ಕಡೆಗೆ ಓಡುತ್ತದೆಂಬುದನ್ನು ಕೈಯುಪಕರಣದಷ್ಟು ಚೆನ್ನಾಗಿ ಯಾವ ಯಂತ್ರವೂ ಕಲಿಸದು.

ಕೋಣೆ ಕಟ್ಟುವುದಕ್ಕೆ ಮುಂಚೆಯೇ ಒಂದು ಪ್ರಯೋಗವನ್ನು ನೀವು ಮಾಡಬಹುದು. ಮರದ ತುಂಡೊಂದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ತೂಗಿ, ೧೦೩ ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ, ತೂಕ ಇನ್ನು ಇಳಿಯದೆಂಬವರೆಗೆ ಒಣಗಿಸಿರಿ. ಕಳೆದುಹೋದ ತೂಕವನ್ನು ಒಣತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ತೇವಾಂಶದ ಶೇಕಡಾ ಪ್ರಮಾಣ ದೊರೆಯುತ್ತದೆ. ಅದೇ ಹಲಗೆಯಿಂದ ಕೊಯ್ದ ಇನ್ನೊಂದು ತುಂಡನ್ನು ಮಳೆಗಾಲದವರೆಗೆ ಇಟ್ಟು ಪರೀಕ್ಷಿಸಿದರೆ, ನಿಮ್ಮ ಊರಿನ ಗಾಳಿ ನಿಮ್ಮ ಮರವನ್ನು ಎಷ್ಟು ಹಿಗ್ಗಿಸುತ್ತದೆಂಬ ಲೆಕ್ಕ ನಿಮ್ಮ ಕೈಯಲ್ಲಿಯೇ ಇರುತ್ತದೆ.