ಹಳೇ ಟ್ರ್ಯಾಕ್ಟರ್: ದುಡ್ಡು ಎಣಿಸುವ ಮುಂಚೆ ಚಾಸಿ ನಂಬರ್ ಓದಿ

ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಹಳೇ ಟ್ರ್ಯಾಕ್ಟರಿನ ವ್ಯಾಪಾರ ಜೋರಾಗುತ್ತದೆ. ಅದರ ಬೆನ್ನಿಗೇ ದೂರುಗಳೂ ಬರುತ್ತವೆ: ಕೊಂಡದ್ದು ಕಳವಿನ ಗಾಡಿಯಂತೆ, ಪೊಲೀಸರು ಒಯ್ದರಂತೆ. ಕಾಗದ ಏನಿದೆ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: “ಬಾಂಡ್ ಬರೆಸೇನ್ರಿ ಸಾಹೇಬ್ರ.” ಜೊತೆಗೆ ಆರ್‌ಸಿಯ ಒಂದು ಜೆರಾಕ್ಸ್.

ಬಾಂಡ್ ಮೇಲೆ ನೋಟರಿ ಸೀಲು ಬಿದ್ದ ಮಾತ್ರಕ್ಕೆ ಗಾಡಿ ನಿಮ್ಮದಾಗುವುದಿಲ್ಲ. ಮಾರುವವನಿಗೇ ಇಲ್ಲದ ಹಕ್ಕನ್ನು ಅವನು ನಿಮಗೆ ಬರೆದುಕೊಡಲಾರ. ಟ್ರ್ಯಾಕ್ಟರ್ ಮೂಲ ಮಾಲೀಕನಿಗೆ ಹೋಗುತ್ತದೆ, ನಿಮ್ಮ ದುಡ್ಡಿಗೆ ದಲ್ಲಾಳಿಯ ಬೆನ್ನು ಹತ್ತಬೇಕು. ಕಳವಿನದೆಂದು ನಂಬಲು ಕಾರಣವಿದ್ದೂ ದುರುದ್ದೇಶದಿಂದ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ 3 ವರ್ಷದವರೆಗೆ ಜೈಲಿದೆ. ಆರು ಲಕ್ಷ ಬಾಳುವ ಗಾಡಿಯನ್ನು ಎರಡೂವರೆಗೆ ಕೊಡುತ್ತೇನೆ ಎಂದಾಗ ಇನ್ನೇನು ಕಾರಣ ಬೇಕು? ಉಳಿದ ಸೂಕ್ಷ್ಮ ವಕೀಲರಿಗಿರಲಿ.

ಎಂಜಿನ್ ಸದ್ದು ಕೇಳುತ್ತೀರಿ, ಟೈರ್ ಒದೆಯುತ್ತೀರಿ, ಹೈಡ್ರಾಲಿಕ್ ಎತ್ತಿ ಇಳಿಸುತ್ತೀರಿ. ಚಾಸಿ ನಂಬರ್ ಮಾತ್ರ ಓದುವುದಿಲ್ಲ. ಎಷ್ಟು ಸಲ ಹೇಳಿದರೂ ಇದೇ ತಪ್ಪು. ಡೀಸೆಲ್ ಅದ್ದಿದ ಬಟ್ಟೆಯಿಂದ ನಂಬರ್ ಕೊರೆದ ಜಾಗದ ಗ್ರೀಸು, ಮಣ್ಣು ಒರೆಸಿ ಒಣಗಿಸಿ. ತೆಳು ಹಾಳೆ ಒತ್ತಿ ಹಿಡಿದು ಪೆನ್ಸಿಲನ್ನು ಅಡ್ಡಲಾಗಿ ಉಜ್ಜಿ. ಅಂಕಿಗಳು ಹಾಳೆಗೆ ಮೂಡುತ್ತವೆ. ಅಸಲಿ ಆರ್‌ಸಿ ಪಕ್ಕಕ್ಕಿಟ್ಟು ಒಂದೊಂದೇ ಅಕ್ಷರ ತಾಳೆ ನೋಡಿ. 3 ಇದ್ದದ್ದನ್ನು 8 ಮಾಡುವುದು, 1 ಇದ್ದದ್ದನ್ನು 4 ಮಾಡುವುದು ಕಳ್ಳರಿಗೆ ಸುಲಭ. ಒಂದು ಅಂಕಿ ಆಳ, ಇನ್ನೊಂದು ತೇಲು, ಸಾಲು ಸೊಟ್ಟ, ಗ್ರೈಂಡರಿನ ಗೀರು, ಅಲ್ಲಿಗಷ್ಟೇ ಹೊಸ ಬಣ್ಣ: ಇದರಲ್ಲಿ ಒಂದು ಕಂಡರೂ ಚಹಾ ಕುಡಿಯದೆ ಎದ್ದು ಬನ್ನಿ. ಎಂಜಿನ್ ನಂಬರನ್ನೂ ಹೀಗೇ ನೋಡಿ. ‘ಎಂಜಿನ್ ಬದಲಿಸಿದ್ದೇವೆ’ ಎಂದರೆ ಆ ಬದಲಾವಣೆ ಆರ್‌ಸಿಯಲ್ಲಿ ಏರಿರಬೇಕು. ಟ್ರೇಲರಿಗೆ ಅದರದೇ ನೋಂದಣಿ ಇರುತ್ತದೆ. ಅದನ್ನು ಕೇಳುವವರೇ ಇಲ್ಲ!

ಆಮೇಲೆ ಸರ್ಕಾರಿ ಆ್ಯಪ್ ಎಂಪರಿವಾಹನ್‌ನಲ್ಲಿ ಗಾಡಿ ನಂಬರ್ ಹಾಕಿ. ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಬರುವ ತನಕ ಮಾತುಕತೆ ಬೇಡ. ಎಂಎಚ್-09, ಎಂಎಚ್-10, ಎಂಎಚ್-13 ಎಂದು ಕೊಲ್ಲಾಪುರ, ಸಾಂಗ್ಲಿ, ಸೊಲ್ಲಾಪುರದಿಂದ ಬಂದ ಗಾಡಿಗೆ ಫಾರ್ಮ್ 28ರ ಎನ್‌ಒಸಿ ಬೇಕೇ ಬೇಕು. ಹಳೇ ಗಾಡಿ ಮಾರುವ ಆ್ಯಪ್‌ಗಳ ‘ಪರಿಶೀಲಿಸಲಾಗಿದೆ’ ಗುರುತಿನ ಬಗ್ಗೆ ನನ್ನನ್ನು ಕೇಳಬೇಡಿ. ಅದನ್ನು ನಂಬಿ ನಾನು ಒಂದು ಕುಂಟೆಯನ್ನೂ ಕೊಳ್ಳುವುದಿಲ್ಲ.

ಸಂಚಕಾರ ಹತ್ತರಲ್ಲಿ ಒಂದು ಪಾಲು ಮೀರಬಾರದು: 4 ಲಕ್ಷದ ಗಾಡಿಗೆ 40 ಸಾವಿರ. ಅದೂ ಆರ್‌ಸಿಯಲ್ಲಿ ಹೆಸರಿರುವವನ ಬ್ಯಾಂಕ್ ಖಾತೆಗೆ. ದಲ್ಲಾಳಿಯ ಫೋನ್‌ಪೇಗೆ ಅಲ್ಲ, ಅವನ ಭಾವಮೈದುನನಿಗೂ ಅಲ್ಲ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ಅಡ್ಡಿಯಿದೆ, ಆದ್ದರಿಂದ ‘ನಗದೇ ಬೇಕು’ ಎನ್ನುವವನನ್ನು ದೂರವಿಡಿ. ಬಾಕಿ ದುಡ್ಡು ಫಾರ್ಮ್ 29 ಮತ್ತು 30ಕ್ಕೆ ಮಾರುವವನ ಸಹಿ ಬಿದ್ದು, ಅಸಲಿ ಆರ್‌ಸಿ ನಿಮ್ಮ ಕೈಗೆ ಬಂದ ಮೇಲೆ. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ಅರ್ಜಿ ಹಾಕಬೇಕು. ‘ಹಂಗಾಮು ಮುಗಿಯಲಿ’ ಎನ್ನುವವರೇ ಹೆಚ್ಚು.

ಮಾರುವವರೂ ಇಷ್ಟೇ ಉದಾಸೀನ. ರಾಜ್ಯದೊಳಗೆ ಮಾರಿದರೆ 14 ದಿನದಲ್ಲಿ ಫಾರ್ಮ್ 29 ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಗಾಡಿ ಕೈಬಿಟ್ಟು ಎಷ್ಟು ಕಾಲವಾಗಿದ್ದರೂ ನೋಂದಣಿ ಯಾರ ಹೆಸರಲ್ಲಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ, ನವೀನ್ ಕುಮಾರ್ ಪ್ರಕರಣದಲ್ಲಿ, ಹೇಳಿಯಾಗಿದೆ.

ರೋಟವೇಟರ್, ಪಂಪ್‌ಸೆಟ್, ಕಳೆ ಕೊಚ್ಚುವ ಯಂತ್ರಕ್ಕೆ ಆರ್‌ಸಿ ಇಲ್ಲ. ಅಲ್ಲಿ ಕಂಪನಿಯ ತಗಡಿನ ಮೇಲಿನ ಸೀರಿಯಲ್ ನಂಬರೇ ಗತಿ. ರಿವೆಟ್ ತೂತು ಇದ್ದು ತಗಡು ಇಲ್ಲದಿದ್ದರೆ ಕೊಳ್ಳಬೇಡಿ. ತಗಡು ಇದ್ದರೆ ಅಂಗಡಿಯ ಮೊದಲ ಬಿಲ್ಲಿನ ನಂಬರಿಗೆ ಹೋಲಿಸಿ, ಮಾರಿದವನ ಆಧಾರ್ ಪ್ರತಿಯ ಹಿಂದೆ ಅದೇ ನಂಬರ್ ಬರೆಸಿ ತಾರೀಖಿನ ಸಮೇತ ಸಹಿ ಹಾಕಿಸಿಕೊಳ್ಳಿ.